ಬಿಳಿ ಕಾರಿನ ಗುರುಗುರು ಕಳೆದದ್ದು

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಮಠದ ದಾಸೋಹದಲ್ಲಿ ರೊಟ್ಟಿ ಬಡಿಯುತ್ತಿದ್ದ ನೀಲಗಂಗಮ್ಮನವರು. ಒಂದು ರೊಟ್ಟಿಗೆ ಒಂದು ಮಾತು, ಒಂದು ರೊಟ್ಟಿಗೆ ಒಂದು ಮಾತು, ಹೀಗೆ ನಿಧಾನವಾಗಿ ಹೇಳಿದರು. ಶಿವನನ್ನು ನೆನೆದು ನಾನೂ ನಿಧಾನವಾಗಿಯೇ ಹೇಳುತ್ತೇನೆ. ಮಕ್ಕಳೇ, ಹತ್ತಿರ ಬನ್ನಿ. ನಡುನಡುವೆ ನೀವೂ ದನಿಗೂಡಿಸಬೇಕು.

ಒಂದು ಊರು. ಊರಲ್ಲಿ ಒಬ್ಬಳು ಹುಡುಗಿ. ಹೆಸರು ಕಸ್ತೂರಿ. ವಯಸ್ಸು ಆರು.

ಕಸ್ತೂರಿಯ ಅವ್ವ ಹೆರಿಗೆಗೆಂದು ತವರಿಗೆ ಹೋಗಿದ್ದಳು. ಹೋಗಿ ಮೂರು ತಿಂಗಳಾಗಿತ್ತು. ತವರೂರು ಎಲ್ಲಿ? ಹಳ್ಳದ ಆಚೆ. ಎರಡು ದಿಬ್ಬದ ಆಚೆ.

ಮೂರು ತಿಂಗಳೂ ಕಸ್ತೂರಿ ಅವ್ವನ ಸೀರೆ ಹೊದ್ದು ಮಲಗಿದಳು. ಮೊದಮೊದಲು ಸೀರೆಗೆ ಅವ್ವನ ವಾಸನೆ ಇತ್ತು. ಆಮೇಲೆ ಬರೀ ಸೀರೆಯ ವಾಸನೆ.

ಕೂಸು ಹುಟ್ಟಿತು. ಗಂಡು ಕೂಸು. ಅವ್ವ ಹೇಳಿ ಕಳಿಸಿದಳು: "ಸೋಮವಾರ ದೀಪ ಹಚ್ಚೂ ಹೊತ್ತಿಗೆ ಕೂಸಿನ್ನ ತೊಟ್ಟಿಲಕ್ಕ ಹಾಕ್ತೀವಿ. ಮೊದಲನೇ ತೂಗು ನಮ್ಮ ಕಸ್ತೂರೀದು. ಅಷ್ಟೊತ್ತಿಗೆ ಬರ್ರಿ."

ಸೋಮವಾರ ಬಂತು. ಅಪ್ಪ ಬಸಲಿಂಗಪ್ಪ ಕಾರು ತೆಗೆದ. ಬಿಳಿ ಕಾರು. ಹಳೇ ಕಾರು. ಕಸ್ತೂರಿಗಿಂತ ಹಿರಿಯ ಕಾರು.

ಕಾರು ಗುರುಗುರು ಅಂದಿತು. ಹೊರಟಿತು. ಊರ ಬಾಗಿಲು, ಅಗಸಿ, ದಾಟಿತು. ಗುರುಗುರು. ಕೆರೆ ಬಂತು. ಗುರುಗುರು. ಗುರ್... ಗುರ್... ಗು...

ಸುಮ್ಮನಾಯಿತು.

ಕಾರಿನ ಗುರುಗುರು ಕಳೆದುಹೋಯಿತು.

ಅಪ್ಪ ಕೀಲಿ ತಿರುವಿದ. ಗುರುಗುರು ಇಲ್ಲ. ಅಪ್ಪ ಕಾರು ದೂಡಿದ. ಗುರುಗುರು ಇಲ್ಲ.

"ಅಪ್ಪಾ, ಬಸ್ಸು?"

"ಬಸ್ಸು ಮುಂಜಾನೇನ ಹೋತವ್ವಾ. ಇನ್ನ ನಾಳಿಗೇ."

ಕಸ್ತೂರಿ ದೂರಕ್ಕೆ ನೋಡಿದಳು. ದಿಬ್ಬದ ಆಚೆ ಅವ್ವ. ದಿಬ್ಬದ ಈಚೆ ಕಸ್ತೂರಿ.

ಕಾರು ಓಡದೆ ಅವ್ವ ಸಿಗಳು.

ಕಸ್ತೂರಿ ಓಡಿದಳು. ಅಗಸಿಯ ಹತ್ತಿರ ಗಾಡಿ ರಿಪೇರಿ ಮಾಡುವ ಇಮಾಮಸಾಬ್ ಕಾಕಾನ ಅಂಗಡಿ.

"ಕಾಕಾ, ಕಾಕಾ, ನಮ್ಮ ಕಾರು ನಿಂತೈತಿ. ಕಾರು ಓಡದೆ ಅವ್ವ ಸಿಗಳು."

ಇಮಾಮಸಾಬ್ ಕಾಕಾ ಬಂದ. ಬಾನೆಟ್ ಎತ್ತಿದ.

"ಪೆಟ್ರೋಲ್ ಐತೇನೋ ಬಸಲಿಂಗಪ್ಪಾ?"

"ಐತಿ."

"ಬ್ಯಾಟರಿ?"

"ಐತಿ."

"ತಣ್ಣಗಿದ್ದಾಗ ಓಡ್ತೈತಿ, ಬಿಸಿಯಾದ್ರ ನಿಲ್ತೈತಿ. ಹೌದಿಲ್ಲೋ?"

"ಹೌದು ನೋಡು!"

"ಹಂಗಾದ್ರ ಸೆನ್ಸರ್," ಅಂದ ಕಾಕಾ.

ಸೆನ್ಸರ್ ಅಂದರೇನು? ಹೆಬ್ಬೆರಳಷ್ಟು ವಸ್ತು. ಇಂಜಿನ್ನಿನ ಒಳಗೆ ಒಂದು ಚಕ್ರ ತಿರುಗುತ್ತದೆ. ಸೆನ್ಸರ್ ಪಕ್ಕದಲ್ಲಿ ಕೂತು ನೋಡುತ್ತದೆ. "ತಿರುಗಿತು, ತಿರುಗಿತು, ತಿರುಗಿತು" ಎಂದು ಹೇಳುತ್ತಲೇ ಇರುತ್ತದೆ. ಅದು ಹೇಳಿದರೆ ಕಾರು ಓಡುತ್ತದೆ. ಅದು ಸುಮ್ಮನಾದರೆ ಕಾರೂ ಸುಮ್ಮನೆ.

ಕಾಕಾ ಒಂದು ಅರಿವೆ ತೆಗೆದ. ಕೆರೆಯ ನೀರಲ್ಲಿ ಅದ್ದಿದ. ಸೆನ್ಸರಿನ ಮೇಲೆ ಹೊದಿಸಿದ. ನೂರು ಎಣಿಸಿದ. "ಈಗ ಕೀಲಿ ತಿರುವು."

ಗುರುಗುರು!

ಕಸ್ತೂರಿ ಕುಣಿದಳು. ಒಂದು ಸಲ ಕುಣಿದಳು. ಎರಡು ಸಲ ಕುಣಿದಳು. ಮೂರನೆಯ ಸಲ ಕುಣಿಯುವಷ್ಟರಲ್ಲಿ ಗುರ್... ಗು... ಸುಮ್ಮನಾಯಿತು.

"ನೋಡಿದ್ಯಾ? ತಂಪಾದ್ರ ಮಾತಾಡ್ತೈತಿ. ಬಿಸಿಯಾದ್ರ ಬಾಯಿ ಮುಚ್ತೈತಿ."

"ಅವ್ವನ ಊರಿನ ತನಕ ನೀರು ಹುಯ್ಕೋತ ಹೋಗೂಣು ಕಾಕಾ."

"ಬಾನೆಟ್ ಮ್ಯಾಲೆ ಕೂತು ಹುಯ್ಯವ್ರು ಯಾರವ್ವಾ?"

"ನಾನು."

ಕಾಕಾ ನಗಲಿಲ್ಲ. ಬಗ್ಗಿ, ಸೆನ್ಸರಿನ ವೈರಿನ ತುದಿ ಎಳೆದು ನೋಡಿದ. ಒಳಗೆ ಬೆಳ್ಳಗೆ. ನಡುವೆ ಕೆಂಪಗೆ.

"ಏ ಬಸಲಿಂಗಪ್ಪಾ, ಇದೇನೋ? ಇಲ್ಲಿ ವಿಭೂತಿ! ಇಲ್ಲಿ ಕುಂಕುಮ!"

ಅಪ್ಪ ತಲೆ ತಗ್ಗಿಸಿದ. "ಮಹಾನವಮಿಗೆ ಪೂಜಿ ಮಾಡಿದ್ದೆ. ಒಂದು ಸಂದೀನೂ ಬಿಡಬಾರದು ಅಂತ ಎಲ್ಲಾ ಬಿಚ್ಚಿ, ತೊಳೆದು, ಹಚ್ಚಿ, ಮತ್ತ ಸಿಗಿಸಿದೆ. ಒಳಗಿನ ದೇವರಿಗೂ ಪೂಜಿ ಬ್ಯಾಡೇನು?"

"ದೇವರಿಗೆ ಬೇಕಪ್ಪಾ. ಸೆನ್ಸರಿಗೆ ಬ್ಯಾಡ. ಪಾಪ, ಬಾಯ್ತುಂಬ ವಿಭೂತಿ ಇಟ್ಕೊಂಡು ಅದು ಹೆಂಗ ಮಾತಾಡೀತು?"

"ಹೊಸಾದು ಹಾಕಿದ್ರ?"

"ಹಳೇ ಕಾರಿಗೆ ಹೊಸಾ ಸೆನ್ಸರ್ ಪ್ಯಾಟಿಯಿಂದ ಬರಬೇಕು. ಎಂಟು ದಿನ. ಅದರಕಿಂತ ಇದನ್ನ ಹೊರಗ ತೆಗೆದು, ಕೆರೆದು, ಒರೆಸಿದ್ರಾತು. ಬೋಲ್ಟು ಬಿಚ್ಚಿ ತೆಗೀಲಿಕ್ಕೆ ಹತ್ತನೇ ನಂಬರಿನ ಪಾನಾ ಬೇಕು. ನನ್ನ ಕಡೆ ಎಂಟರ ಪಾನಾ ಐತಿ. ಹನ್ನೆರಡರ ಪಾನಾ ಐತಿ. ಹತ್ತರದು ಮಾತ್ರ ಯಾವಾಗ್ಲೂ ಊರು ಸುತ್ತಾಕ ಹೋಗಿರತೈತಿ. ಬೋರಿಂಗಿನ ಫಕ್ಕೀರಪ್ಪ ಒಯ್ದಾನ."

"ನಾ ತರ್ತೀನಿ," ಅಂದಳು ಕಸ್ತೂರಿ. ಅಪ್ಪ ಕಾರಿನ ಹತ್ತಿರ ಉಳಿದ. ಕಾಕಾ ಕಾರಿನ ಹತ್ತಿರ ಉಳಿದ. ಕಸ್ತೂರಿ ಓಡಿದಳು.

ಬೋರಿಂಗಿನ ಹತ್ತಿರ ಫಕ್ಕೀರಪ್ಪ ಪಂಪು ಬಿಚ್ಚಿ ಕೂತಿದ್ದ. ಸುತ್ತಲೂ ಕೊಡ. ಕೊಡದ ಹಿಂದೆ ಹೆಂಗಸರು.

"ಫಕ್ಕೀರಪ್ಪ ಮಾಮಾ, ಪಾನಾ ಕೊಡು.
ಪಾನಾ ಬಾರದೆ ಸೆನ್ಸರ್ ಮಾತಾಡದು.
ಸೆನ್ಸರ್ ಮಾತಾಡದೆ ಕಾರು ಓಡದು.
ಕಾರು ಓಡದೆ ಅವ್ವ ಸಿಗಳು."

"ಕೊಡಂಗಿಲ್ಲವ್ವಾ! ಪಂಪು ಬಿಚ್ಚೀನಿ. ಜೋಡಿಸಾಕ ಪಾನಾ ಬೇಕು. ಹಂಗ ಬಿಟ್ಟು ಎದ್ರ ಈ ಅಕ್ಕಗಳು ಆ ಕೊಡ ಎಲ್ಲಾ ನನ್ನ ತಲೀ ಮ್ಯಾಲೇ ಇಡ್ತಾರ."

"ಇಡ್ತೀವಿ ಮತ್ತ!" ಅಂದರು ಹೆಂಗಸರು.

"ಹಂಗಾದ್ರ ಬ್ಯಾಗ ಬ್ಯಾಗ ಜೋಡಿಸು ಮಾಮಾ."

"ಒಳಗಿನ ತೊಗಲಿನ ವಾಷರ್ ಸವೆದೈತಿ. ಹೊಸಾ ವಾಷರ್ ತಂದು ಕೊಡು. ಪಾನಾ ಒಯ್ಯಿ. ಚಪ್ಪಲಿ ಹೊಲಿಯೂ ದುರ್ಗಪ್ಪನ್ನ ಕೇಳು."

ಕಸ್ತೂರಿ ದೂರಕ್ಕೆ ನೋಡಿದಳು. ದಿಬ್ಬದ ಆಚೆ ಅವ್ವ. ದಿಬ್ಬದ ಈಚೆ ಕಸ್ತೂರಿ. ಓಡಿದಳು.

ಬೇವಿನ ಗಿಡದ ಕೆಳಗೆ ದುರ್ಗಪ್ಪ ಅಜ್ಜ. ಎದುರಿಗೆ ತೊಗಲು. ಪಕ್ಕದಲ್ಲಿ ಒಂಟಿ ಚಪ್ಪಲಿ.

"ದುರ್ಗಪ್ಪಜ್ಜಾ, ವಾಷರ್ ಮಾಡಿ ಕೊಡು.
ವಾಷರ್ ಆಗದೆ ಪಾನಾ ಬಾರದು.
ಪಾನಾ ಬಾರದೆ ಸೆನ್ಸರ್ ಮಾತಾಡದು.
ಸೆನ್ಸರ್ ಮಾತಾಡದೆ ಕಾರು ಓಡದು.
ಕಾರು ಓಡದೆ ಅವ್ವ ಸಿಗಳು."

"ಕೊಡಂಗಿಲ್ಲವ್ವಾ! ಈ ತೊಗಲು ನೋಡು. ಹಪ್ಪಳ ಆಗೈತಿ. ಕೊಯ್ದ್ರ ಮುರೀತೈತಿ. ಔಡಲೆಣ್ಣಿ ಕುಡಿಸಿದ್ರ ಬಗ್ಗೀತು. ಒಂದು ಬಟ್ಟಲ ಎಣ್ಣಿ ತಾ. ಗಾಣದ ಗಂಗವ್ವನ್ನ ಕೇಳು."

"ನೀರು ಕುಡಿಸಿದ್ರ?"

"ನೀರು ಕುಡಿಸಾಕ ಅದೇನು ಎಮ್ಮೀ ಏನು? ಹೋಗು, ಹೋಗು."

ಹೊತ್ತು ನೆತ್ತಿಗೆ ಬಂತು. ಕಸ್ತೂರಿ ದೂರಕ್ಕೆ ನೋಡಿದಳು. ದಿಬ್ಬ ಬಿಸಿಲಲ್ಲಿ ನಡುಗಿದಂತೆ ಕಂಡಿತು. ದಿಬ್ಬದ ಆಚೆ ಅವ್ವ. ದಿಬ್ಬದ ಈಚೆ ಕಸ್ತೂರಿ. ಓಡಿದಳು.

ಊರಲ್ಲಿ ಉಳಿದದ್ದು ಒಂದೇ ಗಾಣ. ಗಾಣಕ್ಕೆ ಒಂದೇ ಎತ್ತು. ಎತ್ತು ತಿರುಗಿದರೆ ಗಾಣ ತಿರುಗುತ್ತದೆ. ಗಾಣ ತಿರುಗಿದರೆ ಎಣ್ಣೆ ಇಳಿಯುತ್ತದೆ. ಎತ್ತು ನಿಂತಿತ್ತು. ಗಂಗವ್ವ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು.

"ಗಂಗವ್ವಾಯಿ, ಎಣ್ಣಿ ಕೊಡು.
ಎಣ್ಣೆ ಇಳಿಯದೆ ವಾಷರ್ ಆಗದು.
ವಾಷರ್ ಆಗದೆ ಪಾನಾ ಬಾರದು.
ಪಾನಾ ಬಾರದೆ ಸೆನ್ಸರ್ ಮಾತಾಡದು.
ಸೆನ್ಸರ್ ಮಾತಾಡದೆ ಕಾರು ಓಡದು.
ಕಾರು ಓಡದೆ ಅವ್ವ ಸಿಗಳು."

"ಕೊಡಂಗಿಲ್ಲವ್ವಾ! ಎಲ್ಲಿಂದ ಕೊಡ್ಲಿ? ಎಣ್ಣಿ ಇನ್ನೂ ಬೀಜದಾಗ ಐತಿ. ಈ ಮಹಾರಾಯ ಹೆಜ್ಜಿ ಕಿತ್ತಿಡವಲ್ಲ. ನೀನ ಕೇಳಿ ನೋಡು."

ಕಸ್ತೂರಿ ಎತ್ತಿನ ಮುಂದೆ ನಿಂತಳು.

"ಎತ್ತೇ, ಎತ್ತೇ, ತಿರುಗು.
ಎತ್ತು ತಿರುಗದೆ ಎಣ್ಣೆ ಇಳಿಯದು.
ಎಣ್ಣೆ ಇಳಿಯದೆ ವಾಷರ್ ಆಗದು.
ವಾಷರ್ ಆಗದೆ ಪಾನಾ ಬಾರದು.
ಪಾನಾ ಬಾರದೆ ಸೆನ್ಸರ್ ಮಾತಾಡದು.
ಸೆನ್ಸರ್ ಮಾತಾಡದೆ ಕಾರು ಓಡದು.
ಕಾರು ಓಡದೆ ಅವ್ವ ಸಿಗಳು."

ಎತ್ತು ಕೊಂಬು ಅಲ್ಲಾಡಿಸಿತು. ಊಹೂಂ.

"ಅದರ ಕಣ್ಣುಪಟ್ಟಿ ಹರದೈತಿ," ಅಂದಳು ಗಂಗವ್ವ. "ಕಣ್ಣು ಕಟ್ಟಿದ್ರ, ಎಲ್ಲೋ ದೂರ ಊರಿಗೆ ಹೊಂಟೀನಿ ಅಂದ್ಕೊಂಡು ನಡೀತೈತಿ. ಕಣ್ಣು ತೆರೆದ್ರ, ಎಲ್ಲೀಗೂ ಹೊಂಟಿಲ್ಲ ಅಂತ ಗೊತ್ತಾಗಿ ನಿಂತು ಬಿಡ್ತೈತಿ."

"ಯಾವ ಊರಿಗೆ ಹೋಗಬೇಕಂತ ಅದಕ್ಕ?"

"ಯಾರಿಗ್ಗೊತ್ತು? ಅದರ ಅವ್ವನ ಕಡೆ ಇರಬೇಕು."

ಕಸ್ತೂರಿ ಎತ್ತಿನ ಗಂಗೆದೊಗಲು ಸವರಿದಳು. ಎತ್ತು ಅವಳ ಅಂಗೈ ನೆಕ್ಕಿತು.

"ಹೊಸಾ ಪಟ್ಟಿ ಹೊಲಿಸಿಕೊಂಡು ಬಾ. ಕೌದಿ ಹೊಲಿಯೂ ಚನ್ನಬಸವ್ವನ್ನ ಕೇಳು. ಆಕೀ ಕಡೆ ಬಟ್ಟಿ ತುಂಡು ರಗಡ ಅದಾವ."

ಹೊತ್ತು ವಾಲಿತು. ನೆರಳು ಉದ್ದವಾಯಿತು. ಕಸ್ತೂರಿ ದೂರಕ್ಕೆ ನೋಡಿದಳು. ದಿಬ್ಬದ ಆಚೆ ಅವ್ವ. ದಿಬ್ಬದ ಈಚೆ ಕಸ್ತೂರಿ. ಈಗ ಓಡಲು ಆಗಲಿಲ್ಲ. ನಡೆದಳು. ನಡೆದಳು.

ಕಟ್ಟೆಯ ಮೇಲೆ ಚನ್ನಬಸವ್ವ ಅಜ್ಜಿ. ತೊಡೆಯ ಮೇಲೆ ಕೌದಿ. ಕೌದಿಯ ತುಂಬ ತುಂಡು. ಕೆಂಪು ತುಂಡು, ಹಸಿರು ತುಂಡು, ಮದುವೆ ಸೀರೆಯ ತುಂಡು, ಮುದುಕನ ಧೋತರದ ತುಂಡು.

"ಅಜ್ಜೀ, ಎತ್ತಿಗೆ ಕಣ್ಣುಪಟ್ಟಿ ಹೊಲಿದು ಕೊಡು.
ಪಟ್ಟಿ ಇಲ್ಲದೆ ಎತ್ತು ತಿರುಗದು.
ಎತ್ತು ತಿರುಗದೆ ಎಣ್ಣೆ ಇಳಿಯದು.
ಎಣ್ಣೆ ಇಳಿಯದೆ ವಾಷರ್ ಆಗದು.
ವಾಷರ್ ಆಗದೆ ಪಾನಾ ಬಾರದು.
ಪಾನಾ ಬಾರದೆ ಸೆನ್ಸರ್ ಮಾತಾಡದು.
ಸೆನ್ಸರ್ ಮಾತಾಡದೆ ಕಾರು ಓಡದು.
ಕಾರು ಓಡದೆ..."

ಕೊನೆಯ ಮಾತು ಬರಲಿಲ್ಲ. ಕಸ್ತೂರಿಗೆ ಅಳು ಬಂತು.

ಮಕ್ಕಳೇ, ಆ ಮಾತು ನೀವು ಹೇಳಿ. ಕಾರು ಓಡದೆ ಅವ್ವ ಸಿಗಳು.

"ಹೊಲಿಯಂಗಿಲ್ಲವ್ವಾ," ಅಂದಳು ಅಜ್ಜಿ, ಮೆಲ್ಲಗೆ. "ಹೊಲೀಬೇಕು ಅಂತ ಮುಂಜಾನಿಂದ ಕೂತೀನಿ. ಬಟ್ಟಿ ಐತಿ. ಸೂಜಿ ಐತಿ. ದಾರ ಐತಿ. ಆ ದಾರ ಈ ಸೂಜ್ಯಾಗ ಹೋಗವಲ್ದು. ನನ್ನ ಕಣ್ಣು ಮಂಜು. ಹೋಗವ್ರಿಗೆ ಕೇಳಿದೆ, ಬರವ್ರಿಗೆ ಕೇಳಿದೆ. 'ಆಮ್ಯಾಲೆ ಬರ್ತೀನಿ ಅಜ್ಜಿ' ಅಂದು ಹೋದ್ರು."

"ಈಗ ನಾ ಯಾರ ಕಡೆ ಹೋಗ್ಲಿ ಅಜ್ಜಿ?"

"ಯಾರ ಕಡೇನೂ ಬ್ಯಾಡ. ನಿನಗ ಬರ್ತೈತೇನು?"

ಕಸ್ತೂರಿ ಸೂಜಿ ಹಿಡಿದಳು. ದಾರ ಹಿಡಿದಳು. ಕಣ್ಣಲ್ಲಿ ನೀರು. ಒಂದು ಸೂಜಿ ಎರಡಾಗಿ ಕಂಡಿತು. ದಾರ ಪಕ್ಕಕ್ಕೆ ಹೋಯಿತು.

"ಮೊದಲು ಕಣ್ಣೊರೆಸಿಕೋ," ಅಂದಳು ಅಜ್ಜಿ. "ಅತ್ಕೋತ ಕೂತ್ರ ದಾರ ಹೋಗಂಗಿಲ್ಲ. ನಾನೂ ನೋಡೀನಿ."

ಕಸ್ತೂರಿ ಕಣ್ಣೊರೆಸಿಕೊಂಡಳು. ದಾರ ಮತ್ತೆ ಪಕ್ಕಕ್ಕೆ ಹೋಯಿತು. ಕಸ್ತೂರಿ ದಾರದ ತುದಿಯನ್ನು ನಾಲಿಗೆಗೆ ತಾಗಿಸಿದಳು. ತುಟಿಯಲ್ಲಿ ಹಿಡಿದು ಚೂಪು ಮಾಡಿದಳು. ಉಸಿರು ಬಿಗಿಹಿಡಿದಳು.

ದಾರ ಹೋಯಿತು.

"ಭಲೇ ನನ್ನ ತಾಯಿ!" ಅಂದಳು ಅಜ್ಜಿ. ಕೌದಿ ಬದಿಗಿಟ್ಟಳು. ಎರಡು ಕರಿ ತುಂಡು ಆರಿಸಿದಳು. ಸೂಜಿ ಓಡಿತು, ಓಡಿತು, ಓಡಿತು. ಕಣ್ಣುಪಟ್ಟಿ ಆಯಿತು.

ಕಸ್ತೂರಿ ಪಟ್ಟಿ ಹಿಡಿದು ಗಾಣಕ್ಕೆ ಓಡಿದಳು. ಗಂಗವ್ವ ಎತ್ತಿಗೆ ಪಟ್ಟಿ ಕಟ್ಟಿದಳು. ಕಸ್ತೂರಿ ಎತ್ತಿನ ಕಿವಿಯಲ್ಲಿ ಹೇಳಿದಳು: "ನಡಿ. ನಿನ್ನ ಅವ್ವನ ಊರು ಬಂದೇ ಬಿಡ್ತು." ಎತ್ತು ನಡೆಯಿತು. ಗಾಣ ಕಿರ್ರೆಂದಿತು. ಎಣ್ಣೆ ಇಳಿಯಿತು.

ಕಸ್ತೂರಿ ಬಟ್ಟಲು ಹಿಡಿದು ಬೇವಿನ ಗಿಡಕ್ಕೆ ನಡೆದಳು. ಓಡಲಿಲ್ಲ. ಓಡಿದರೆ ಎಣ್ಣೆ ಚೆಲ್ಲುತ್ತದೆ. ದುರ್ಗಪ್ಪಜ್ಜ ತೊಗಲಿಗೆ ಎಣ್ಣೆ ಕುಡಿಸಿದ. ತಿಕ್ಕಿದ, ತಿಕ್ಕಿದ. ತೊಗಲು ಬಗ್ಗಿತು. ದುಂಡಗೆ ಕೊಯ್ದ. ವಾಷರ್ ಆಯಿತು.

ಕಸ್ತೂರಿ ವಾಷರ್ ಹಿಡಿದು ಬೋರಿಂಗಿಗೆ ಓಡಿದಳು. ಫಕ್ಕೀರಪ್ಪ ವಾಷರ್ ಹಾಕಿದ. ಪಂಪು ಜೋಡಿಸಿದ. ನೀರು ಭೋರೆಂದಿತು. ಹೆಂಗಸರು ಕೊಡ ಹಿಡಿದರು. "ಒಯ್ಯವ್ವಾ ಪಾನಾ," ಅಂದ ಫಕ್ಕೀರಪ್ಪ. "ನನ್ನ ತಲಿ ಉಳೀತು."

ಕಸ್ತೂರಿ ಪಾನಾ ಹಿಡಿದು ಕೆರೆಗೆ ಓಡಿದಳು. ಇಮಾಮಸಾಬ್ ಕಾಕಾ ಬೋಲ್ಟು ಬಿಚ್ಚಿದ. ಸೆನ್ಸರ್ ಹೊರಗೆ ಬಂತು. ಮೈಯೆಲ್ಲ ಎಣ್ಣೆ ಜಿಡ್ಡು, ಬಾಯೆಲ್ಲ ವಿಭೂತಿ. ಅಪ್ಪ ಮೊದಲು ಕೈ ಮುಗಿದ. ಆಮೇಲೆ ತಾನೇ ಅರಿವೆ ತೆಗೆದುಕೊಂಡು ಒರೆಸಿದ. ಕಾಕಾ ಸೆನ್ಸರಿನ ಬಾಯಿಯ ಒಳಗಿನ ಎರಡು ಸಣ್ಣ ಕಡ್ಡಿಗಳನ್ನು ಕೆರೆದ. ಹಸಿರು ಕಿಲುಬು ಹೋಯಿತು. ಕಡ್ಡಿ ಹೊಳೆದವು. ಸೆನ್ಸರ್ ತನ್ನ ಜಾಗಕ್ಕೆ ಹೋಗಿ ಕೂತಿತು. ವೈರು ಅದರ ಬಾಯಿಗೆ ಬಿಗಿಯಾಗಿ ಸೇರಿತು.

"ತಿರುವು ಕೀಲಿ."

ಗುರುಗುರು.

ಕಸ್ತೂರಿ ಕುಣಿಯಲಿಲ್ಲ. ಕಾದಳು. ಕಾರು ಬಿಸಿಯಾಯಿತು. ಗುರುಗುರು. ಇನ್ನೂ ಬಿಸಿಯಾಯಿತು. ಗುರುಗುರು, ಗುರುಗುರು.

"ಇನ್ನ ನಿಲ್ಲಂಗಿಲ್ಲ," ಅಂದ ಕಾಕಾ. "ಹೋಗ್ರಿ. ಬಸಲಿಂಗಪ್ಪಾ, ಮುಂದಿನ ವರ್ಷ ಪೂಜಿ ಬಾನೆಟ್ ಮ್ಯಾಲೆ ಮಾಡು. ದೇವರು ಅಲ್ಲಿಂದಾನೂ ತಗೋತಾನ."

ಕಾರು ಹೊರಟಿತು. ಹೊತ್ತು ಕೆಂಪಾಯಿತು. ಕಾರಿನ ಒಳಗೆ ಕಸ್ತೂರಿ ಹೇಳುತ್ತಾ ಹೋದಳು. ನೀವೂ ಹೇಳಿ:

ದಾರ ಹೋಯಿತು, ಪಟ್ಟಿ ಆಯಿತು.
ಪಟ್ಟಿ ಆಯಿತು, ಎತ್ತು ತಿರುಗಿತು.
ಎತ್ತು ತಿರುಗಿತು, ಎಣ್ಣೆ ಇಳಿಯಿತು.
ಎಣ್ಣೆ ಇಳಿಯಿತು, ವಾಷರ್ ಆಯಿತು.
ವಾಷರ್ ಆಯಿತು, ಪಾನಾ ಬಂತು.
ಪಾನಾ ಬಂತು, ಸೆನ್ಸರ್ ಮಾತಾಡಿತು.
ಸೆನ್ಸರ್ ಮಾತಾಡಿತು, ಕಾರು ಓಡಿತು.

ಹಳ್ಳ ದಾಟಿತು. ಒಂದು ದಿಬ್ಬ ದಾಟಿತು. ಇನ್ನೊಂದು ದಿಬ್ಬ ಹತ್ತುವಾಗ ಕಸ್ತೂರಿ ಕಣ್ಣು ಮುಚ್ಚಿದಳು. ಇಳಿಯುವಾಗ ತೆರೆದಳು. ಕೆಳಗೆ ಊರು. ಊರಲ್ಲಿ ಒಂದೊಂದೇ ದೀಪ.

ಅವ್ವನ ತವರುಮನೆಯಲ್ಲಿ ತೊಟ್ಟಿಲು ಕಟ್ಟಿ ಆಗಿತ್ತು. ದೀಪ ಹಚ್ಚಿ ಆಗಿತ್ತು. ಹಾಡು ಹಾಡಿ ಆಗಿತ್ತು. "ಹೊತ್ತು ಮೀರ್ತದ, ಹಾಕೇ ಬಿಡೂಣು," ಅಂದರು ಹಿರಿಯರು. "ಇನ್ನೊಂದು ಹಾಡು ಹೇಳ್ರಿ," ಅಂದಳು ಅವ್ವ. ಇನ್ನೊಂದು ಹಾಡೂ ಮುಗಿಯಿತು. "ಇನ್ನೊಂದು," ಅಂದಳು ಅವ್ವ.

ಆಗ ಬಾಗಿಲ ಮುಂದೆ ಗುರುಗುರು.

ಕಸ್ತೂರಿ ಕಾರಿಳಿದು ಓಡಿದಳು. ಕಟ್ಟೆ ಹತ್ತಿದಳು. ಹೊಸ್ತಿಲ ಮೇಲೆ ನಿಂತು ಬಿಟ್ಟಳು.

ಅವ್ವ ಕೂತಿದ್ದಳು. ಅವ್ವನ ಮಡಿಲಲ್ಲಿ ಬೇರೆ ಯಾರೋ ಮಲಗಿದ್ದರು. ಸಣ್ಣ ಮೂಗು. ಸಣ್ಣ ಮುಷ್ಟಿ. ಮಡಿಲು ಪೂರ್ತಿ ತುಂಬಿತ್ತು.

ಕಸ್ತೂರಿ ಒಳಗೆ ಬರಲಿಲ್ಲ. ಹೊರಗೂ ಹೋಗಲಿಲ್ಲ.

ಅವ್ವ ನೋಡಿದಳು. ಅವ್ವನಿಗೆ ಗೊತ್ತಾಯಿತು. ಕೂಸನ್ನು ಎತ್ತಿದಳು. ತೊಟ್ಟಿಲಲ್ಲಿ ಮಲಗಿಸಿದಳು. ಹಗ್ಗದ ತುದಿಯನ್ನು ಕಸ್ತೂರಿಯ ಕಡೆ ಚಾಚಿದಳು.

"ಬಾ. ಮೊದಲನೇ ತೂಗು ನಿಂದು ಅಂದಿದ್ನಲ್ಲ? ಯಾರಿಗೂ ಕೊಟ್ಟಿಲ್ಲ."

ಕಸ್ತೂರಿ ಬಂದಳು. ಹಗ್ಗ ಹಿಡಿದು ಒಂದು ಸಲ ಎಳೆದಳು. ತೊಟ್ಟಿಲು ಆಚೆ ಹೋಯಿತು. ತೊಟ್ಟಿಲು ಈಚೆ ಬಂತು. ಕೂಸು ಕಣ್ಣು ಮುಚ್ಚಿತು.

"ಯಾಕವ್ವಾ ಇಷ್ಟು ತಡಾ?" ಅಂದಳು ಅವ್ವ.

ಕಸ್ತೂರಿಗೆ ಹೇಳುವುದು ಬಹಳ ಇತ್ತು. ಹಗ್ಗ ಬಿಟ್ಟು ಅವ್ವನ ಹತ್ತಿರ ಸರಿದಳು.

ಅವ್ವ ಸೆರಗು ಸರಿಸಿ, ಖಾಲಿ ಮಡಿಲು ತಟ್ಟಿ ತೋರಿಸಿದಳು.

ತೊಟ್ಟಿಲಲ್ಲಿ ಕೂಸು. ಮಡಿಲಲ್ಲಿ ಕಸ್ತೂರಿ.

ಕಥೆ ಇಷ್ಟೇ ಮಕ್ಕಳೇ. ನೀಲಗಂಗಮ್ಮನವರು ನನಗೆ ಕೊಟ್ಟರು, ನಾನು ನಿಮಗೆ ಕೊಟ್ಟೆ. ನಿಮ್ಮ ಓಣಿಯಲ್ಲಿ ಯಾರ ಅವ್ವನಾದರೂ ಊರಿಗೆ ಹೋಗಿದ್ದರೆ, ಆ ಮಗುವಿನ ಪಕ್ಕದಲ್ಲಿ ಕೂತು ಇದನ್ನು ಹೇಳಿ. ಅವಸರ ಮಾಡಬೇಡಿ. ಒಂದು ಸಾಲನ್ನೂ ಬಿಡಬೇಡಿ.